ಜಂಬಮ್ಮನ ಪಾಲಿನ ಉಪ್ಪು

ಮಾನ್ವಿಯ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ನಾಗವೇಣಿಯ ಕೈರುಚಿಗೆ ಹೆಸರಿತ್ತು. ದೇವದುರ್ಗದ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ಕೂತು ಉಣ್ಣುವವರಿದ್ದರು. ಅಂಥ ಕೈಗೆ ಈಗ ಅಪವಾದ ಬಂದಿತ್ತು. ಅವಳು ಹುಳಿಸೊಪ್ಪಿನಿಂದ ಮಾಡುವ ಪುಂಡಿಪಲ್ಯದಲ್ಲಿ ಉಪ್ಪೇ ನಿಲ್ಲುತ್ತಿರಲಿಲ್ಲ. ಒಲೆಯ ಮುಂದೆ ರುಚಿ ನೋಡಿದಾಗ ಸರಿಯಾಗಿರುತ್ತಿದ್ದ ಪಲ್ಯ ತಾಟಿಗೆ ಬೀಳುವಷ್ಟರಲ್ಲಿ ಸಪ್ಪೆ! ಊರವರ ಮಾತಿರಲಿ, ಕಟ್ಟಿಕೊಂಡ ಗಂಡ ಅಂಬರೇಶನೇ ಇದನ್ನು ನಂಬಲಿಲ್ಲ.

"ಅವ್ವ ಹೋದಾಗಿಂದ ನಿನ್ನ ಲಕ್ಷ್ಯ ಎಲ್ಲಿ ಅದ? ಗಿರಾಕಿ ಒಬ್ಬೊಬ್ಬರೇ ಬಿಡಾಕತ್ಯಾರ. ಹಿಂಗಾದ್ರ ಅಂಗಡಿ ಮುಚ್ಚಬೇಕಾಗ್ತದ," ಎಂದ.

ಮಾತು ಅವಳಿಗೆ ನಾಟಿತು. ಅವ್ವ ಎಂದರೆ ಅವನ ತಾಯಿ ಜಂಬಮ್ಮ. ಈ ಖಾನಾವಳಿ ಹಾಕಿದವಳು, ರೊಟ್ಟಿ ಬಡಿಯುವುದರಿಂದ ಹಿಡಿದು ಎಲ್ಲವನ್ನೂ ಸೊಸೆಗೆ ಬೈದು ಬೈದು ಕಲಿಸಿದವಳು. ಅವಳು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

ಪತ್ತೇದಾರಿಕೆಗೆ ಇಳಿದವರು ದಿನಾ ಉಣ್ಣಲು ಬರುವ ಅಮೋಘಸಿದ್ದ ಮಾಸ್ತರು. ರಿಟೈರಾದವರು, ಉಂಡ ಮೇಲೆ ಬೇರೆ ಕೆಲಸವಿಲ್ಲ. ಪಲ್ಯದ ರುಚಿ ತಾವೇ ನೋಡಿದರು, ಬೋಗುಣಿಯ ಮುಚ್ಚಳಕ್ಕೆ ಸುತ್ತಲೂ ಹಿಟ್ಟು ಮೆತ್ತಿಸಿದರು, ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕಾವಲು ಕೂತರು, ಸ್ವಲ್ಪ ತೂಕಡಿಸಿದರು ಕೂಡ. ಮುಚ್ಚಳ ತೆಗೆದು ನೋಡಿದರೆ ಸಪ್ಪೆ.

"ಬ್ಯಾಳಿ ಸರಿ ಅದ, ಬದನಿಕಾಯಿ ಸರಿ ಅದ. ಪುಂಡಿಪಲ್ಯಕ್ಕಷ್ಟೇ ಕಣ್ಣು ಹಾಕ್ಯಾನ ನಿಮ್ಮ ಕಳ್ಳ. ನಿಮ್ಮನ್ಯಾಗ ಇದರ ಮ್ಯಾಲೆ ಜೀವ ಇಟ್ಟವರು ಯಾರರ ಇದ್ರೇನ್ರಿ?" ಎಂದು ಮಾಸ್ತರು ನಕ್ಕರು.

ನಾಗವೇಣಿ ನಗಲಿಲ್ಲ. ಪುಂಡಿಪಲ್ಯವೆಂದರೆ ಜೀವ ಬಿಡುತ್ತಿದ್ದವಳು ಅವಳ ಅತ್ತೆ.

ಜಂಬಮ್ಮನ ಕಿಡ್ನಿ ಕೆಟ್ಟಾಗ ರಾಯಚೂರಿನ ಡಾಕ್ಟರು ಉಪ್ಪು ಮುಟ್ಟಿಸಬೇಡಿ ಎಂದಿದ್ದರು. ಅಂದಿನಿಂದ ನಾಗವೇಣಿ ಅತ್ತೆಗೆಂದೇ ಸಣ್ಣ ಗಡಿಗೆಯಲ್ಲಿ ಬೇರೆ ಪಲ್ಯ ಮಾಡುತ್ತಿದ್ದಳು. "ಒಂದು ಹರಳು ಉಪ್ಪು ಹಾಕ ಬೇ ನಾಗಿ, ನಾಲಿಗಿ ಸತ್ತು ಹೋಗ್ಯಾದ," ಎಂದು ಮುದುಕಿ ಅಂಗಲಾಚುತ್ತಿದ್ದಳು. "ನೀ ಉಳೀಬೇಕಲ್ಲ ಯವ್ವಾ," ಎಂದು ಸೊಸೆ ಮನಸ್ಸು ಕಲ್ಲು ಮಾಡಿಕೊಳ್ಳುತ್ತಿದ್ದಳು. ಅಷ್ಟು ಮಾಡಿಯೂ ಮುದುಕಿ ಉಳಿಯಲಿಲ್ಲ. ದಿನಕರ್ಮದಂದು ಅತ್ತೆಯ ಎಡೆಗೆ ಪಲ್ಯ ಮಾಡಿದ್ದೂ ಅದೇ ಗಡಿಗೆಯಲ್ಲಿ. ರೂಢಿಬಿದ್ದ ಕೈ ಅಂದೂ ಉಪ್ಪು ಬಿಟ್ಟಿತ್ತು. ಎಡೆಯ ಅಡುಗೆಯನ್ನು ಮೊದಲು ಯಾರೂ ಬಾಯಿಗೆ ಹಾಕಿ ನೋಡುವುದಿಲ್ಲ. ಆಮೇಲೆ ಅದು ಕಾಗೆಗಳ ಪಾಲಾಯಿತು, ಯಾರಿಗೂ ಗೊತ್ತಾಗಲಿಲ್ಲ. ಪಾಪ, ಸತ್ತ ಮೇಲೂ ಮುದುಕಿಗೆ ಪಥ್ಯ ತಪ್ಪಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ನಾಗವೇಣಿ ಖಾನಾವಳಿಯ ಬಾಗಿಲು ಹಾಕಿದಳು. ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪುಂಡಿಪಲ್ಯ ಮಾಡಿ, ಕೈತುಂಬ ಉಪ್ಪು ಸುರಿದು ಅತ್ತೆಯ ಫೋಟೋದ ಮುಂದೆ ಎಡೆ ಇಟ್ಟಳು.

"ಉಣ್ಣು ಯವ್ವಾ. ಇನ್ನ ಯಾರೂ ಬ್ಯಾಡ ಅನ್ನಾಂಗಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಗಂಡ ಹೆಂಡತಿ ಇಬ್ಬರೂ ಆ ಎಡೆಯನ್ನೇ ಬಾಯಿಗೆ ಹಾಕಿಕೊಂಡರು. ಉಪ್ಪಿನ ಸೋಂಕೂ ಇರಲಿಲ್ಲ. ಅಂಬರೇಶ ಎದ್ದು ಹೊರಗೆ ಹೋದ.

ಮರುದಿನ ಪಲ್ಯ ಸರಿಯಾಗಿತ್ತು. ಮಾಸ್ತರು ಕೇಳಿ ಕೇಳಿ ಹಾಕಿಸಿಕೊಂಡರು, ಅಂಬರೇಶ ಬಡಿಸುತ್ತಾ ಇನ್ನೂ ರೊಟ್ಟಿ ಬೇಕೆಂದು ಒಳಕ್ಕೆ ಕೂಗುತ್ತಲೇ ಇದ್ದ. ನಾಗವೇಣಿ ಒಲೆಯ ಮುಂದೆ ಕೂತು ಮತ್ತೆ ಮತ್ತೆ ರುಚಿ ನೋಡಿದಳು. ಪ್ರತಿ ಸಲವೂ ಉಪ್ಪು ಅಲ್ಲೇ ಇತ್ತು. ಇಷ್ಟು ದಿನ ಅತ್ತೆ ತನ್ನ ಬೆನ್ನ ಹಿಂದೆಯೇ ಇದ್ದಳೆಂದು ಅವಳಿಗೆ ಖಾತ್ರಿಯಾದದ್ದೇ ನಿನ್ನೆ. ಇವತ್ತು ಮುದುಕಿ ಹೊಟ್ಟೆ ತುಂಬಿ ಹೊರಟುಹೋಗಿದ್ದಳು. ಅಂಗಡಿ ಮುಚ್ಚಿದರೆ ಮುಚ್ಚಲಿ, ಇವತ್ತೂ ಸಪ್ಪೆಯಾಗಿದ್ದರೆ ಸಾಕಿತ್ತು ಅನ್ನಿಸಿ ನಾಗವೇಣಿ ಗಟ್ಟಿಯಾಗಿ ಅತ್ತಳು.