ಬಾಯಾರಿದ ದೇವಿ

ಕಾಲು ಚಾಚಿ ಕೂತ್ಕೊಳ್ಳಿ ಮಕ್ಕಳೇ, ನನ್ನದೊಂದು ತಪ್ಪು ಹೇಳ್ತೀನಿ.

ಆಗ ನಾನು ನಂಜನಗೂಡಿನ ರಸಬಾಳೆ ಹೊತ್ತು ಊರೂರು ಮಾರುತ್ತಿದ್ದೆ. ನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಪುಟ್ಟತಾಯಿ ಅನ್ನೋ ಎಂಟು ವರ್ಷದ ಹುಡುಗಿಗೆ ದಡಾರ ಎದ್ದು ಇಳಿದಿತ್ತು. ಆದರೂ ಕೈಕಾಲು ಅದುರೋದು ನಿಲ್ಲಲಿಲ್ಲ.

"ಅಮ್ಮ ಇನ್ನೂ ಓಗಿಲ್ಲ, ಮಗೀನ ಮೈಮ್ಯಾಲೇ ನಿಂತವ್ಳೆ" ಅಂತ ಅವಳಪ್ಪ ಮಣೆ ಹಾಕಿ ಕೂರಿಸಿದ. ಜನ ಅಡ್ಡಬಿದ್ದರು. ನಾನೂ ಒಂದು ಚಿಪ್ಪು ಹಣ್ಣಿಟ್ಟು ಕೇಳಿದೆ: "ತಾಯಿ, ನಂಗೆ ಗಂಡುಮಗು ಆಯ್ತದಾ?"

"ಅಕ್ಕಾ, ನೀರು ಕೊಡು" ಅಂದಳು ಹುಡುಗಿ. ಒಂದು ಚೊಂಬು ಕುಡಿದು ಇನ್ನೊಂದು ಕೇಳಿದಳು. ಹಿತ್ತಲಲ್ಲಿ ಅವಳು ಕೂತೆದ್ದ ಜಾಗಕ್ಕೆ ಇರುವೆ ಮುತ್ತಿತ್ತು.

"ನೋಡವ್ವ, ದೇವೀದು ಉಚ್ಚೇನೂ ಸಿಹಿ!" ಅಂತ ಅವಳಜ್ಜಿ ಹಿಗ್ಗಿದಳು. ನಾನು ಕೈಮುಗಿದು, ವಾರವಾರವೂ ಹಣ್ಣು ತಂದುಕೊಟ್ಟೆ.

ಕೊನೆಗೆ ಮೈಸೂರಿಗೆ ಕರ್ಕೊಂಡು ಹೋದಾಗ ಅಲ್ಲಿನ ಡಾಕ್ಟರು, "ದಡಾರದ ಹಿಂದೇನೇ ಬಂದ ಸಿಹಿಮೂತ್ರದ ರೋಗ. ಇದರ ಮದ್ದು ಈ ಕಡೆಗಿನ್ನೂ ಬಂದಿಲ್ಲ. ಹಣ್ಣು ಕೊಟ್ಟೋರು ಯಾರು?" ಅಂದರಂತೆ.

ಹುಡುಗಿ ಆಷಾಢ ದಾಟಲಿಲ್ಲ. ಅವಳಪ್ಪ ಆ ಮಣೆಯನ್ನು ಹೊಳೆಗೆ ಬಿಟ್ಟ. ಅಜ್ಜಿ ಸಾಯೋ ತನಕ ಇರುವೆ ಕಂಡಲ್ಲೆಲ್ಲ ಬೂದಿ ಸುರಿದಳು. ನನಗೆ ಗಂಡುಮಗು ಆಯಿತು, ಅವನೇ ನಿಮ್ಮಪ್ಪ. ಊರೋರು ದೇವಿಯ ವರ ಅಂತಾರೆ. ಪುಟ್ಟತಾಯಿ ಅನ್ನೋ ಆ ಮಗು ನನಗೆ ಉತ್ತರ ಹೇಳಲೇ ಇಲ್ಲ ಕಣ್ರೋ, ಅದು ಕೇಳಿದ್ದು ಬರೀ ನೀರು.