ಮೈಕಮ್ಮನ ಜಾಮೀನು

ನಮ್ಮಕ್ಕನನ್ನು ಬಸ್ ನಿಲ್ದಾಣದಲ್ಲಿ ಎಲ್ಲರೂ ಮೈಕಮ್ಮ ಅಂತಲೇ ಕರೆಯುತ್ತಿದ್ದರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಮಹಡಿಯ ಮೇಲಿನ ಗೂಡಿನಂಥ ಕೋಣೆಯಲ್ಲಿ ಕೂತು ಹೇಳುವುದು ಅವಳ ಕೆಲಸ. ಭಾವ ತೀರಿಕೊಂಡ ಮೇಲೆ ಮನೆ ನಡೆದದ್ದೂ ಮಗಳು ಬೆಳೆದದ್ದೂ ಆ ದನಿಯಿಂದಲೇ. ಗಂಟಲು ಕೆಡುತ್ತದೆಂದು ತಣ್ಣೀರು ಮುಟ್ಟಳು, ಮನೆಯಲ್ಲಿ ಕಣ್ಸನ್ನೆಯಲ್ಲೇ ಗದರುವಳು. ನಾನು ಕೆಳಗೆ ಲಗೇಜ್ ರೂಮಿನಲ್ಲಿ ಪ್ರಯಾಣಿಕರ ಪೆಟ್ಟಿಗೆ ಕಾಯುವವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಅವಳ ಮಾತನ್ನು ನಿಲ್ದಾಣವೆಲ್ಲ ಕೇಳುತ್ತಿತ್ತು, ನನ್ನ ಮಾತನ್ನು ನನ್ನ ಹೆಂಡತಿಯೂ ಕೇಳುವುದಿಲ್ಲ.

ಅವಳ ಕೋಣೆಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಸ್ವಿಚ್ಚು, ಒಂದು ಮೈಕಿನದು, ಇನ್ನೊಂದು ಫ್ಯಾನಿನದು. ಫ್ಯಾನಿನ ಗರಗರ ಸದ್ದು ಜನರಿಗೆ ಕೇಳಬಾರದೆಂದು ಅದನ್ನು ಆರಿಸಿ ಮೈಕು ಹಾಕುವಳು. ಮಾತು ಮುಗಿದೊಡನೆ ಮೈಕು ಆರಿಸಿ ಫ್ಯಾನು ಹಾಕುವಳು. ಕೈಗೆ ಎಷ್ಟು ರೂಢಿಯೆಂದರೆ ಸ್ವಿಚ್ಚಿನ ಕಡೆ ನೋಡುತ್ತಲೇ ಇರಲಿಲ್ಲ.

ಆ ವರ್ಷ ಅವಳ ಮಗಳು ಪುಟ್ಟಿ ರೇಡಿಯೋ, ಟಿವಿ, ಜಾಹೀರಾತಿನ ಕೆಲಸ ಕಲಿಸುವ ಸಂವಹನ ಪದವಿ ಓದುತ್ತೇನೆಂದು ಹಠ ಹಿಡಿದಳು. ಖಾಸಗಿ ಕಾಲೇಜು, ಗಾಜಿನ ಕಟ್ಟಡ, ಸ್ವಂತ ಸ್ಟುಡಿಯೋ. ಸೀಟೂ ಸಿಕ್ಕಿತು. ಫೀಸು ಮಾತ್ರ ನನ್ನ ಎಷ್ಟೋ ವರ್ಷದ ಸಂಬಳ. ಬ್ಯಾಂಕಿನವರು ಸಾಲ ಕೊಡುತ್ತಾರೆ, ಆದರೆ ತಾಯಿ ಜಾಮೀನು ಸಹಿ ಹಾಕಬೇಕು. ಅವಳ ಸಂಬಳವೇ ಸಾಲಕ್ಕೆ ಆಧಾರ. ಸಹಿಯಾದ ಕಾಗದ ಕೊನೆಯ ದಿನದ ಸಂಜೆಯೊಳಗೆ ಬ್ಯಾಂಕಿಗೆ ಮುಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಪುಟ್ಟಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಕೆಲವು ತಿಂಗಳ ಹಿಂದೆ ಡಿಪೋ ಮ್ಯಾನೇಜರ್ ಅಕ್ಕನನ್ನು ಸ್ಟುಡಿಯೋಗೆ ಕರೆದೊಯ್ದು, ಊರುಗಳ ಹೆಸರು, ಅಂಕಿಗಳು, 'ತಡವಾಗಿ ಬರಲಿದೆ', 'ದಯವಿಟ್ಟು ಗಮನಿಸಿ' ಎಲ್ಲವನ್ನೂ ಓದಿಸಿ ಧ್ವನಿಮುದ್ರಣ ಮಾಡಿಸಿದ್ದರು. ಅಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು. ಕೈಗೊಂದು ಹೂಗುಚ್ಛ ಕೊಟ್ಟು ಕಳಿಸಿದರು. ಈಗ ನೋಡಿದರೆ, ಮುಂದಿನ ತಿಂಗಳಿಂದ ಯಂತ್ರವೇ ಆ ತುಣುಕುಗಳನ್ನು ಜೋಡಿಸಿ ಹೇಳುತ್ತದಂತೆ, ಅಕ್ಕ ಬರಬೇಕಾಗಿಲ್ಲವಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. "ಪುಟ್ಟಿಗೆ ಹೇಳಿದ್ರೆ ನಾಲಿಗೆ ಕಿತ್ತುಬಿಡ್ತೀನಿ" ಎಂದು ಅಕ್ಕ ನನ್ನ ಬಾಯಿ ಕಟ್ಟಿದಳು.

ಆ ಕೊನೆಯ ದಿನ ಮಧ್ಯಾಹ್ನ ಪುಟ್ಟಿ ಕಾಗದವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಅಕ್ಕ ಆಗಷ್ಟೇ ಒಂದು ಬಸ್ಸಿನ ವಿಷಯ ಹೇಳಿ ಮುಗಿಸಿದ್ದಳು. ಮರುಕ್ಷಣವೇ ನಿಲ್ದಾಣದ ಸ್ಪೀಕರುಗಳಲ್ಲೆಲ್ಲ ಗರಗರ ಸದ್ದು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟೆ. ಮಗಳ ಕೈಯಲ್ಲಿನ ಕಾಗದ ಕಂಡವಳೇ ಅಕ್ಕ ಮೈಕು ಆರಿಸದೆ ಫ್ಯಾನು ಹಾಕಿದ್ದಾಳೆ!

"ಅಮ್ಮ, ಸಹಿ ಹಾಕು. ಬ್ಯಾಂಕ್ ಮುಚ್ಚಿಬಿಡುತ್ತೆ."

"ಓದಿ ಬಂದ್ರೆ ಎಷ್ಟು ಸಂಬಳ ಸಿಗುತ್ತೆ?" ಅಕ್ಕನ ದನಿ.

"ಕಾಲೇಜಿನವರ ಪುಸ್ತಕದಲ್ಲಿ ಹಾಕಿದ್ದಾರಲ್ಲ, ನೋಡು."

"ಅದು ಒಬ್ಬಳಿಗೆ ಸಿಕ್ಕಿದ್ದು. ಅವಳ ಫೋಟೋನೂ ಹಾಕಿದ್ದಾರೆ. ಮಿಕ್ಕವರಿಗೆ?"

ನಾನು ಓಡತೊಡಗಿದೆ. ದಾರಿ ತುಂಬ ಜನ, ಎಲ್ಲರೂ ಸ್ಪೀಕರಿನತ್ತ ಕತ್ತೆತ್ತಿ ನಿಂತವರೇ. ಒಬ್ಬರಾದರೂ ಸರಿಯಬೇಕಲ್ಲ! ಬಸ್ಸು ತಪ್ಪಿದರೂ ಪರವಾಗಿಲ್ಲ, ಇನ್ನೊಬ್ಬರ ಮನೆ ಜಗಳ ತಪ್ಪಬಾರದು ಈ ಜನಕ್ಕೆ.

"ನಮ್ಮ ಬೀದಿ ಕೊನೆ ಮನೆಯವರ ಮಗಳು ಅಲ್ಲೇ ಓದಿದ್ಲಲ್ಲ, ಅವಳನ್ನ ಕೇಳಿದ್ಯಾ?"

ಗರಗರದ ನಡುವೆ ಕಾಗದ ಮಡಚಿದ ಸದ್ದು.

"ಕೇಳ್ದೆ." ಪುಟ್ಟಿಯ ದನಿ ಇಳಿದಿತ್ತು. "ಯಾವುದೋ ಅಂಗಡಿಗೆ ಜಾಹೀರಾತು ಬರೀತಾಳೆ. ಅರ್ಧ ಸಂಬಳ ಸಾಲದ ಕಂತಿಗೇ ಹೋಗುತ್ತಂತೆ, ಮಿಕ್ಕಿದ್ದು ಬಾಡಿಗೆಗೆ. ಊಟದ ಖರ್ಚಿಗೆ ಅವರಮ್ಮ ಕಳಿಸ್ತಾರೆ."

"ಗೊತ್ತಿದ್ದೂ ಈ ಕಾಗದ ಹಿಡ್ಕೊಂಡು ಬಂದ್ಯಾ?"

"ನಿನ್ನ ಸಂಬಳ ಇದೆಯಲ್ಲ ಅಮ್ಮ! ನಾನು ನನ್ನ ಕಾಲ ಮೇಲೆ ನಿಲ್ಲೋವರೆಗೆ..."

"ನನ್ನ ಸಂಬಳ ಇಲ್ಲ ಕಣೇ! ನನ್ನ ದನೀನ ರೆಕಾರ್ಡ್ ಮಾಡ್ಕೊಂಡಿದ್ದಾರೆ. ಮುಂದಿನ ತಿಂಗಳಿಂದ ಇಲ್ಲಿ ನನ್ನ ದನಿ ಇರುತ್ತೆ, ನಾನಿರಲ್ಲ."

ಕಂಡಕ್ಟರೊಬ್ಬ ಸೀಟಿಯನ್ನು ಬಾಯಿಗಿಟ್ಟುಕೊಂಡವನು ಊದದೆ ನಿಂತಿದ್ದ. ನಾನು ಮೆಟ್ಟಿಲಿಗೆ ಬಂದಿದ್ದೆ.

"ದನಿ ಕೊಡುವಾಗ ಏನು ಮಾತಾಡ್ಕೊಂಡೆ? ತಿಂಗಳಿಗೆ ಇಷ್ಟು, ಸಲಕ್ಕೆ ಇಷ್ಟು ಅಂತ ಏನಾದ್ರೂ?" ಪುಟ್ಟಿ ಕೇಳಿದಳು.

"ಹೂ ಕೊಟ್ರು. ಇಸ್ಕೊಂಡು ಬಂದೆ."

ಬಾಗಿಲು ನೂಕಿ ಸ್ವಿಚ್ಚಿನತ್ತ ಬೆರಳು ಮಾಡಿದೆ. ಅಕ್ಕ ಸ್ವಿಚ್ಚು ನೋಡಿದಳು, ನನ್ನನ್ನು ನೋಡಿದಳು. ಮುಖ ಬಿಳಿಚಿಕೊಂಡಿತು. ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೆಳಗೆ ನಾಲ್ಕನೇ ಪ್ಲಾಟ್‌ಫಾರಂಗೆ ಬಸ್ಸು ಬಂದು ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಎದ್ದು ಫ್ಯಾನು ಆರಿಸಿದಳು. "ದಯವಿಟ್ಟು ಗಮನಿಸಿ" ಎಂದು ಶುರುಮಾಡಿ, ದಾರಿಯ ಊರುಗಳನ್ನೆಲ್ಲ ಒಂದೂ ಬಿಡದೆ, ದನಿ ನಡುಗದಂತೆ ಹೇಳಿ, ಮೈಕು ಆರಿಸಿ, ಆಮೇಲೆ ಅತ್ತಳು.

ಕಣ್ಣೊರೆಸಿಕೊಂಡು ಹೇಳಿದಳು: "ಈ ಸಾಲಕ್ಕೆ ನಾನು ಸಹಿ ಹಾಕಲ್ಲ. ಅದೇ ಓದು ಸರ್ಕಾರಿ ಕಾಲೇಜಲ್ಲೂ ಇದೆ. ಅಲ್ಲಿಗಾದ್ರೆ ಸಣ್ಣ ಸಾಲ ಸಾಕು."

"ಅಲ್ಲಿ ಸ್ಟುಡಿಯೋ ಇಲ್ಲಮ್ಮ."

"ಸ್ಟುಡಿಯೋ ನಾನು ನೋಡಿದ್ದೀನಿ ಬಿಡು."

"ಆ ಸಣ್ಣ ಸಾಲಕ್ಕೆ ಜಾಮೀನು ನಾನು ನಿಲ್ತೀನಿ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಹೆಂಡತಿಯನ್ನು ಕೇಳದೆ ನಾನಾಡಿದ ಮೊದಲ ಮಾತು ಅದು. ಮನೆಯಲ್ಲಿ ಅದರ ಬಡ್ಡಿ ಇನ್ನೂ ಕಟ್ಟುತ್ತಿದ್ದೇನೆ.

ಪುಟ್ಟಿ ಎಷ್ಟೋ ದಿನ ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟಳು. ಈಗ ನಾಲ್ಕನೇ ಪ್ಲಾಟ್‌ಫಾರಂನಿಂದ ಸರ್ಕಾರಿ ಕಾಲೇಜಿಗೆ ಹೋಗುತ್ತಾಳೆ, ಸ್ಪೀಕರಿನಲ್ಲಿ ಅವಳಮ್ಮ ಹೇಳಿದ ಮೇಲೆ ಬಸ್ಸು ಹತ್ತುತ್ತಾಳೆ. ಅವಳಮ್ಮ ಅದೇ ಹೊತ್ತಿಗೆ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಟೋಕನ್ ನಂಬರು ಕೂಗುತ್ತಿರುತ್ತಾಳೆ.

ಮೊನ್ನೆ ಪುಟ್ಟಿ ಅಮ್ಮನ ಮುಂದೆ ಫೋನಿಟ್ಟಳು. "ಕಾಲೇಜಿಗೆ ಒಂದು ಸಂದರ್ಶನ ಬೇಕು. ನಿನ್ನ ಮೈಕಿನ ಕೆಲಸದ ಬಗ್ಗೆ ಮಾತಾಡಮ್ಮ, ರೆಕಾರ್ಡ್ ಮಾಡ್ಕೋತೀನಿ."

ಅಕ್ಕ ಎದ್ದು ಫ್ಯಾನು ಆರಿಸಿದಳು. ಬಿಸಿನೀರು ಗುಟುಕರಿಸಿ ಬಂದು ಕೂತಳು. ಫೋನನ್ನೇ ನೋಡುತ್ತ ಕೇಳಿದಳು: "ಎಷ್ಟು ಕೊಡ್ತೀಯ?"

"ಅಮ್ಮ!"

"ಯಾರ್ಯಾರಿಗೆ ಕೇಳಿಸ್ತೀಯ, ಎಷ್ಟು ಸಲ ಕೇಳಿಸ್ತೀಯ, ಮೊದಲು ಅದನ್ನ ಬರೆದುಕೊಡು. ಆಮೇಲೆ ಬಾಯಿ ಬಿಡ್ತೀನಿ."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ. ಪುಟ್ಟಿ ಕಾಗದ, ಪೆನ್ನು ತಂದು ಬರೆದಳು, ಕೆಳಗೆ ಸಹಿ ಹಾಕಿ ಅಮ್ಮನ ಕೈಗೆ ಕೊಟ್ಟಳು.