ಬುತ್ತಿ ಡಬ್ಬಿಯ ಒಂಬತ್ತು ಬಣ್ಣ

ಗಜೇಂದ್ರಗಡದ ನೇಕಾರರಿಗೆ ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕಿಕೊಟ್ಟ ಕಾಶೀಂಬಿ, ಮುದುಕಿಯಾದ ಮೇಲಾದರೂ ಸುಮ್ಮನೆ ಕೂತಾಳೆಯೇ? ಊಹೂಂ! ಉಗುರಿನ ನೀಲಿ ಇನ್ನೂ ಹೋಗಿರಲಿಲ್ಲ, ಆಗಲೇ ಓಣಿಯ ಶಾಲೆಯ ಹೆಡ್‌ಮಾಸ್ತರ ಕಳಕಪ್ಪನವರಿಗೆ ಗಂಟುಬಿದ್ದಳು. ೨೦೦೬ರಿಂದ ಪ್ರತಿ ಶನಿವಾರ ಒಂದು ತಾಸು ಮಕ್ಕಳಿಗೆ ಚಿತ್ರ ಕಲಿಸುವುದು ಅವಳ ಪಾಲಿಗೆ ಬಂತು. ವಾರವಿಡೀ ಅವಳು ಆ ಒಂದು ತಾಸಿಗೇ ಕಾಯುತ್ತಿದ್ದಳು.

ಶಾಲೆಯಲ್ಲಿದ್ದದ್ದು ಹನ್ನೆರಡು ಬಿಲ್ಲೆಗಳ ಒಂದೇ ನೀರುಬಣ್ಣದ ಡಬ್ಬಿ. ಮಕ್ಕಳು ಎಲೆಗೆಲ್ಲ ಹಸಿರು, ಮುಖಕ್ಕೆಲ್ಲ ಗುಲಾಬಿ ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ನೋಡಿ ನೋಡಿ ಕಾಶೀಂಬಿಗೆ ಮೈ ಉರಿಯಿತು. ಒಂದು ಶನಿವಾರ ಕೆಂಪು, ಹಳದಿ, ನೀಲಿ ಬಿಟ್ಟು ಉಳಿದ ಒಂಬತ್ತನ್ನೂ ತನ್ನ ಬುತ್ತಿ ಡಬ್ಬಿಗೆ ಇಳಿಸಿಬಿಟ್ಟಳು.

“ಅಯ್ಯಯ್ಯ, ಬಣ್ಣ ಕಳುವಾಗ್ಯಾವ! ಒಂಬತ್ತೂ ಈ ಮೂರರಾಗ ಅಡಗ್ಯಾವ, ಹುಡುಕ್ರಿ. ಯಾರೂ ಕಾಣದಂಥಾ ಊರು ಬರೀರಿ!” ಎಂದಳು.

ಮಕ್ಕಳು ಕುಂಚ ಹಿಡಿದು ಮುಗಿಬಿದ್ದರು. ಉಮರ ಹಳದಿಗೆ ನೀಲಿ ಬೆರೆಸಿ, “ಹಸರು ಸಿಕ್ತು!” ಎಂದು ಕುಣಿದ. ವಿದ್ಯಾಶ್ರೀ ಕೆಂಪು, ನೀಲಿ ಕಲಸಿ ನೇರಳೆ ಎಮ್ಮೆ ಮಾಡಿ, ಅದನ್ನು ಪಕ್ಕದ ಊರು ರಾಜೂರಿನ ಮೇಲೆ ಹಾರಿಸಿದಳು.

ಗದ್ದಲ ಕೇಳಿ ಕಳಕಪ್ಪ ಬಂದರು. ಅರೆಬರೆ ಖಾಲಿಯಾದ ಬಣ್ಣದ ಡಬ್ಬಿ ನೋಡಿದರು. ಬುತ್ತಿ ಡಬ್ಬಿಯ ಮುಚ್ಚಳ ತೆಗೆದರು.

“ಸಾಲೀ ಬಣ್ಣ ಬುತ್ತ್ಯಾಗ? ಸಾಕ್ರಿ ನಿಮ್ಮ ಪಾಠ! ಮುಂದಿನ ಶನಿವಾರದಿಂದ ಬರಬ್ಯಾಡ್ರಿ.”

ಕಾಶೀಂಬಿಗೆ ಅಳು ಬಂತು, ಅದಕ್ಕಿಂತ ಮುಂಚೆ ಹಠ ಬಂತು.

“ಆತ್ರಿ ಸರ್. ಆದ್ರ ವಿದ್ಯಾಶ್ರೀ ಬರದ ಎಮ್ಮಿ ಮ್ಯಾಲ ಕುಂತವ್ರು ಯಾರು, ಅಷ್ಟು ನೋಡಿ ನನ್ನ ಕಳಸ್ರಿ.”

ಬಚ್ಚಿಡುತ್ತಿದ್ದ ವಿದ್ಯಾಶ್ರೀಯ ಕೈಯಿಂದ ಕಳಕಪ್ಪ ಕಾಗದ ಕಿತ್ತುಕೊಂಡರು. ಎಮ್ಮೆಯ ಮೇಲೆ ಬೆತ್ತ ಹಿಡಿದ ಕಳಕಪ್ಪನೇ ಕೂತಿದ್ದ! ಬೈಯಲು ಬಾಯಿ ತೆರೆದವರು ಚಿತ್ರದ ಮುಖದ ಪಕ್ಕ ತಮ್ಮ ಮುಂಗೈ ಇಟ್ಟು ನೋಡಿದರು. ತೆಗೆದು, ಮತ್ತೆ ಇಟ್ಟರು. ಅದೇ ಬಣ್ಣ, ಒಂಚೂರೂ ಫರಕಿಲ್ಲ.

“ಈ ಬಣ್ಣ ಯಾವ ಬಿಲ್ಲೀದು, ವಿದ್ಯಾಶ್ರೀ?”

“ಡಬ್ಬ್ಯಾಗ ಇಲ್ರಿ ಸರ್. ಮೂರೂ ಕೂಡಿಸೀನ್ರಿ. ನೀಲಿ ಒಂದ ಹನಿ,” ಎಂದಳು ಹುಡುಗಿ ಹೆದರುತ್ತ.

“ಹೋದ ವರ್ಷ ಎಲ್ಲಾರೂ ನನ್ನ ಮಾರಿ ಗುಲಾಬಿ ಮಾಡಿದ್ರಿ!” ಎಂದು ಕಳಕಪ್ಪ ಗೊಣಗಿದರು.

ಒಂಬತ್ತೂ ಬಿಲ್ಲೆಗಳನ್ನು ತಾವೇ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಕೀಲಿಕೈಯನ್ನು ಕಾಶೀಂಬಿಯ ಅಂಗೈಯಲ್ಲಿಟ್ಟರು.

“ಇವು ಹೊರಗ ಬಂದ್ರ ನಿಮ್ಮನ್ನ ಕೇಳಾಂವ ನಾನು. ಪ್ರತಿ ಶನಿವಾರ ಬಂದು ನೋಡ್ಕೋರಿ.”